ಕಿಟಕಿಯ ಕಡೆಗೇ ತಿರುಗುವ ತಲೆ

ಜಿಗಣಿ
1 ಜೂನ್ 2025, ಭಾನುವಾರ

ಅಕ್ಕಾ,

ತಲೆ ಉದ್ದ ಐತಿ, ಅಷ್ಟೇ. ನಿನ್ನೆಯ ಕಾರ್ಡಿನಲ್ಲಿ ‘ಹೆಣ್ಣು ಕೂಸು, ಇಬ್ಬರೂ ಆರಾಮ, ತಲೆ ಮಾತ್ರ’ ಅಂತ ಬರೆಯುವಷ್ಟರಲ್ಲಿ ಜಾಗ ಮುಗಿಯಿತು. ಡಬ್ಬಿಗೆ ಹಾಕಿ ಮನೆಗೆ ಬಂದ ಮೇಲೆ ತಪ್ಪು ಗೊತ್ತಾಯಿತು. ‘ತಲೆ ಮಾತ್ರ’ ಅಂತ ಓದಿ ನೀನು ಊಟ ಬಿಟ್ಟು ಕೂತಿರುತ್ತೀ. ಫೋನ್ ಮಾಡೋಣವೆಂದರೆ ನಿನ್ನ ಕಿವಿ ಕೇಳುವುದು ನಿಂತು ನಾಲ್ಕು ವರ್ಷ. ಫೋನಿನಲ್ಲಿ ನಿನ್ನದಷ್ಟೇ ಹೇಳಿ ಇಟ್ಟುಬಿಡುತ್ತೀ, ನಾನು ಈ ಕಡೆ ಹಲೋ ಹಲೋ ಅನ್ನುತ್ತಾ ನಿಂತಿರುತ್ತೇನೆ. ಅದಕ್ಕೇ ಇವತ್ತು ಪೂರಾ ಕಾಗದ.

ಕೂಸು ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಡಾಕ್ಟರು ಬಟ್ಟಲಿನಂಥದ್ದೇನೋ ತಲೆಗೆ ಹಚ್ಚಿ ಮೆಲ್ಲಗೆ ಎಳೆದರಂತೆ. ತಂದು ತೋರಿಸಿದಾಗ ತಲೆ ಹಿಂದಕ್ಕೆ ಚಾಚಿಕೊಂಡು ಎಳೆ ಸೌತೆಕಾಯಿಯ ಹಾಗಿತ್ತು, ತುದಿಗೆ ಒಂದು ಬಾವು. ನಾನು ನೋಡುತ್ತಲೇ ನಿಂತದ್ದನ್ನು ನೋಡಿ ನರ್ಸಮ್ಮ ನಕ್ಕಳು. ‘ಇಕ್ಕಟ್ಟು ದಾರೀಲಿ ಬಂದಿದೆ ತಾತ. ತಲೆ ಮೂಳೆ ಇನ್ನೂ ಕೂಡಿರಲ್ಲ, ಒಂದರ ಮೇಲೊಂದು ಜರುಗಿ ದಾರಿ ಮಾಡಿಕೊಂಡಿದೆ. ಸ್ವಲ್ಪ ದಿನ ಬಿಡಿ, ತಾನೇ ಇಳಿಯತ್ತೆ. ನೀವು ಕೈ ಹಚ್ಚಬೇಡಿ, ಅಷ್ಟೇ.’

ಯಾರಿಗೆ ಹೇಳಿದಳು ನೋಡು. ಪೀಣ್ಯದ ಮಷಿನ್ ಷಾಪಿನಲ್ಲಿ ಮೂವತ್ತೊಂದು ವರ್ಷ ನಾನು ಮಾಡಿದ್ದು ಅದೊಂದೇ ಕೆಲಸ, ದುಂಡಗಿರಬೇಕಾದ್ದು ದುಂಡಗೆ ಇದೆಯೋ ಇಲ್ಲವೋ ಹೇಳುವುದು. ಕೂದಲೆಳೆಯಷ್ಟು ಸೊಟ್ಟ ಇದ್ದರೂ ಕೆಂಪು ಬಣ್ಣ ಬಳಿದು ವಾಪಸ್ ಕಳಿಸುತ್ತಿದ್ದವನ ಮನೆಗೆ ದೇವರು ಸೌತೆಕಾಯಿ ಕಳಿಸಿದ್ದಾನೆ. ಸೆನ್ಸ್ ಆಫ್ ಹ್ಯೂಮರ್ ಅಂತ ಕಾಲೇಜಿನಲ್ಲಿ ಹೇಳುತ್ತಿದ್ದರು.

ಇನ್ನು ಬಾಣಂತನ. ನೀಲವ್ವ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಅವಳು ಹೋಗಿ ಮೂರು ವರ್ಷವಾಯಿತು, ತವರಿನಲ್ಲಿ ಉಳಿದಿರುವುದು ಅಪ್ಪ ಒಬ್ಬನೇ. ನಾನೇ ಮಾಡುತ್ತೇನೆ ಅಂತ ಮಹಾನಂದಾಗೆ ಮಾತು ಕೊಟ್ಟಿದ್ದೇನೆ. ಮಗಳು ಅಳಿಯ ಇರುವುದು ಇದೇ ವಠಾರದ ನಾಲ್ಕನೇ ರೂಮಿನಲ್ಲಿ, ನನ್ನದು ಏಳನೆಯದು. ಆದರೂ ಓನರ್ ಭಾಗ್ಯಮ್ಮ ಬಿಡಲಿಲ್ಲ. ಉಡಿ ತುಂಬಿಸಿ, ಆರತಿ ಎತ್ತಿ, ಅಳಿಯ ಮುತ್ತಣ್ಣನ ಕೈಗೆ ಚೀಲ ಕೊಡಿಸಿ, ತವರಿಗೆ ಕಳಿಸಿದರು. ಆರೇ ಹೆಜ್ಜೆ. ಮಹಾನಂದಾ ನಕ್ಕು ನಕ್ಕು ನನ್ನ ಹೊಸ್ತಿಲ ಮೇಲೇ ಕೂತುಬಿಟ್ಟಳು. ಒಳಗೆ ಬಂದು ನೀಲವ್ವನ ಫೋಟೋ ನೋಡಿದ ಮೇಲೆ ಅತ್ತಳು.

ನೀನು ಊರ ಕೂಸುಗಳಿಗೆಲ್ಲ ನಲವತ್ತು ವರ್ಷ ನೀರು ಎರೆದವಳು. ಏನೇನು ಮಾಡಬೇಕು, ಬಿಡಬೇಕು, ಒಂದೊಂದಾಗಿ ಬರೆ. ಕಣ್ಣಿನ ಪೊರೆಯಿಂದಾಗಿ ಟ್ಯೂಬ್‌ಲೈಟಿನಲ್ಲಿ ನನಗೆ ಅಕ್ಷರ ಒಂದಕ್ಕೆರಡು ಕಾಣುತ್ತವೆ. ಕಿಟಕಿಯ ಬೆಳಕು ಇರುವಷ್ಟು ಹೊತ್ತೇ ನನ್ನ ಓದು ಬರಹ. ದಪ್ಪಗೆ ಬರೆ.

ನಿನ್ನ ತಮ್ಮ
ಚನಬಸಪ್ಪ


ಚಿಕ್ಕಕೊಪ್ಪ
12 ಜೂನ್ 2025

ತಮ್ಮಾ ಚನಬಸಪ್ಪಗ,

ಕಾರ್ಡು ಮೊದಲ ಬಂತು, ಕಾಗದ ನಾಕು ದಿನಾ ತಡದು ಬಂತು. ಆ ನಾಕು ದಿನಾ ಅಂಚೆಯವನ ದಾರಿ ಕಾಯಕೊಂತ ಕಟ್ಟಿ ಮ್ಯಾಲೆ ಕುಂತೆ. ಇನ್ನೊಮ್ಮೆ ಕಾರ್ಡು ಬರದ್ರ ತಲಿಯಿಂದ ಸುರು ಮಾಡು, ತಲಿಗೆ ನಿಲ್ಲಸಬ್ಯಾಡ.

ಗಂಡಸು ಬಾಣಂತನಾ ಮಾಡೋದು ನಮ್ಮ ಮನಿತನದಾಗ ಇಲ್ಲ. ತಾಯಿ ಕೂಸು ಇಬ್ಬರನೂ ಬಸ್ಸಿಗೆ ಹತ್ತಿಸು. ನಾನು ಅಲ್ಲಿಗೆ ಬರಾಂಗಿಲ್ಲ, ಅದನ್ನ ಕೇಳಬ್ಯಾಡ. ಕಳಸೂದಿಲ್ಲ ಅಂದ್ರ ಹೇಳಿದಂಗ ಮಾಡು.

ಬೆಚ್ಚಗ ಕೊಬ್ಬರಿ ಎಣ್ಣಿ ಹಚ್ಚು. ನೀರು ಎರಿಯೋ ಮುಂದ ಕೂಸಿನ ಹಣಿ ಮ್ಯಾಲೊಂದು ಅಂಗೈ, ಹಿಂದಲೆ ಮ್ಯಾಲೊಂದು ಅಂಗೈ ಇಟ್ಟು ಕುಂಬಾರ ಗಡಿಗಿ ತಿದ್ದಿದಂಗ ತಿದ್ದಬೇಕು. ಅಳತೈತಿ, ಅಳಲಿ. ದಿನಾ ಒತ್ತಿದ್ರ ನಲವತ್ತು ದಿನದಾಗ ನಿಂಬಿಹಣ್ಣು ಆಗತೈತಿ. ನೀಲವ್ವನ ಹಳೇ ಸೀರಿ ಇದ್ದರ ಸಿಂಬಿ ಸುತ್ತಿ, ಅದರ ನಡುವ ತಲಿ ಇಟ್ಟು ಮಲಗಿಸು, ಅತ್ತಿತ್ತ ಹೊಳ್ಳಬಾರದು. ಈ ಊರಾಗ ಸಿದ್ದಕ್ಕನ ಕೈಯಾಗ ಬೆಳದ ತಲಿ ದೂರದಿಂದ ಗುರ್ತು ಹಿಡೀತಾರ. ನಿನ್ನ ಮಗಳ ತಲೀನೂ ನನ್ನ ಕೈಯಿಂದನ ಆದದ್ದು. ನೋಡು, ಎಲ್ಲೆರ ಸೊಟ್ಟ ಐತೇನು.

ಸಿದ್ದಕ್ಕ


ಜಿಗಣಿ
22 ಜೂನ್ 2025, ಭಾನುವಾರ

ಅಕ್ಕಾ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಡೇಟೆಡ್ ಟ್ವೆಲ್ತ್ ಜೂನ್, ಐ ಬೆಗ್ ಟು ಸ್ಟೇಟ್… ಹೀಗೆ ಶುರುಮಾಡಬೇಕು ಅಂತ ಗದಗಿನ ಕಾಲೇಜಿನಲ್ಲಿ ಕಲಿಸಿದ್ದರು. ಸ್ಟೇಟ್ ಆದ ಮೇಲೆ ಏನು ಬರುತ್ತದೋ ಮರೆತಿದ್ದೇನೆ. ಆದ್ದರಿಂದ ಕನ್ನಡದಲ್ಲೇ ಹೇಳುತ್ತೇನೆ, ಕಳಿಸುವುದಿಲ್ಲ. ಈ ರೂಮಿನಲ್ಲೇ ಆಗುತ್ತದೆ, ನನ್ನ ಕೈಯಲ್ಲೇ ಆಗುತ್ತದೆ.

ಸೌತೆಕಾಯಿ ಇಳಿಯಿತು. ಬಾವು ನಾಲ್ಕು ದಿನಕ್ಕೆ ಹೋಯಿತು, ಉದ್ದ ಎರಡು ವಾರಕ್ಕೆ. ನಾನು ಒತ್ತಲಿಲ್ಲ ಅಂತ ಮೊದಲೇ ಒಪ್ಪಿಕೊಳ್ಳುತ್ತೇನೆ, ಬೈಯಬೇಡ. ಎಣ್ಣೆ ಹಚ್ಚಿ ಎರಡು ಅಂಗೈ ಇಟ್ಟೆ. ನಡುನೆತ್ತಿಯಲ್ಲಿ ಮೆತ್ತಗೆ ಏನೋ ಮಿಡಿಯಿತು. ಈ ಕೈ ಉಕ್ಕು ಮುಟ್ಟಿದ ಕೈ, ಅಕ್ಕ. ಉಕ್ಕು ಮಿಡಿಯುವುದಿಲ್ಲ. ತೆಗೆದುಬಿಟ್ಟೆ.

ಸಿಂಬೆ ಮಾತ್ರ ಮಾಡಿದ್ದೇನೆ, ನೀಲವ್ವನ ಇಳಕಲ್ ಸೀರೆಯದು. ಷಾಪಿನಲ್ಲಿ ಷಾಫ್ಟ್, ಅಂದರೆ ಉಕ್ಕಿನ ದುಂಡು ಕಂಬಿ, ಉರುಳದ ಹಾಗೆ ಕೂರಿಸುವ ಕಬ್ಬಿಣದ ತೊಟ್ಟಿಲೊಂದಿತ್ತು, ಥೇಟ್ ಹಾಗೇ ಕೂತಿದೆ. ಮಂಚವನ್ನು ಗೋಡೆಗೆ ಒತ್ತರಿಸಿ ಹಾಕಿದ್ದೇನೆ. ಕೂಸಿನ ಬಲಕ್ಕೆ ಕಿಟಕಿ, ಎಡಕ್ಕೆ ಗೋಡೆ. ಕಿಟಕಿಯ ಆಚೆ ಗ್ರಾನೈಟ್ ಪಾಲಿಷ್ ಷೆಡ್ಡುಗಳು, ಅದರ ಆಚೆ ಪಡುವಣ ಆಕಾಶ. ಕಲ್ಲು ಕೊಯ್ಯುವ ಸದ್ದಿಗೆ ನಮ್ಮ ಮಾತು ನಮಗೇ ಕೇಳದು, ಇವಳು ಮಾತ್ರ ಅದೇ ಲಾಲಿ ಅನ್ನುವ ಹಾಗೆ ಮಲಗುತ್ತಾಳೆ. ಎದ್ದಳೋ, ನೋಟ ಕಿಟಕಿಗೆ. ಆ ಕಡೆಯಿಂದ ಕರೆ, ಈ ಕಡೆಯಿಂದ ಕರೆ, ಬೆಳಕು ಬಿಟ್ಟು ಕದಲುವುದಿಲ್ಲ. ಕಾನ್ಸಂಟ್ರೇಷನ್. ಇವಳು ಓದುವವಳಾಗುತ್ತಾಳೆ ಅಂತ ಇವತ್ತೇ ಬರೆದಿಡು.

ಬಟ್ಟೆ ಒಗೆಯುವುದು, ಖಾರ ಅರೆಯುವುದು, ಬಾಣಂತಿಗೆ ನೀರು ಕಾಯಿಸುವುದು ಎಲ್ಲ ನಡೆದಿದೆ. ನಲ್ಲಿಯ ಹತ್ತಿರ ನಾನು ಕೂಸಿನ ಬಟ್ಟೆ ಜಾಲಿಸುತ್ತಿದ್ದರೆ ಭಾಗ್ಯಮ್ಮ ಮೇಲಿನಿಂದ ನೋಡಿ, ‘ಏನ್ ಚನಬಸಪ್ಪನೋರೆ, ಇಂಗೆ ತಾತ ಆಗೋಕ್ ಮುಂಚೆ ಅಜ್ಜಿ ಆಗ್ಬುಟ್ರಲ್ಲ’ ಅಂದರು. ನಕ್ಕೆ. ನಿಜವೇ.

ಒಂದು ಮಾತು. ನಿನ್ನ ಕಾಗದದ ಅಕ್ಷರ ನಿನ್ನದಲ್ಲ. ಯಾರು ಬರೆದದ್ದು?

ಚನಬಸಪ್ಪ


ಜಿಗಣಿ
20 ಜುಲೈ 2025

ಅಕ್ಕಾ,

ಎಲ್ಲ ಕ್ಷೇಮ. ಕೆಲಸ ಜಾಸ್ತಿ, ಬರೆಯಲಾಗಲಿಲ್ಲ. ಕೂಸು ಹಾಲು ಕುಡಿಯುತ್ತಿದೆ, ನಗುತ್ತದೆ. ಒಂದೂವರೆ ತಿಂಗಳ ಸೂಜಿ ಹಾಕಿಸಿದ್ದಾಯಿತು.

ಇದರ ಜೊತೆ ಎರಡು ಕೆಂಪು ದಾರ ಇಟ್ಟಿದ್ದೇನೆ. ಕೂಸಿನವು. ಬೆರಳಿನಲ್ಲಿ ಹಿಡಿದು ನೋಡು. ನೋಡಿ ನಿನಗೇನು ಅನ್ನಿಸಿತು, ಬರೆ.

ಚನಬಸಪ್ಪ


ಚಿಕ್ಕಕೊಪ್ಪ
31 ಜುಲೈ 2025

ತಮ್ಮಾ,

ಐದು ಸಾಲು ಬರದು ಕಾಗದ ಅಂತ ಕಳಿಸೀದಿ. ನಾಕು ಪುಟಕ್ಕ ಕಮ್ಮಿ ಬರದವನಲ್ಲ ನೀನು. ಮಗಳ ಜೋಡಿ ಜಗಳಾಡೀ ಏನು?

ದಾರ ಮುಟ್ಟಿದವು. ಕೂಸಿಂದು ಅಂದ ಮ್ಯಾಲೆ ತಿಳೀಲಿಲ್ಲೇನು ನನಗ. ಮಠಕ್ಕ ತಗೊಂಡು ಹೋಗಿ ಗದ್ದಿಗಿ ಮುಟ್ಟಿಸಿದೆ. ಒಂದು ಚೂರು ಉದ್ದ, ಒಂದು ಚೂರು ಗಿಡ್ಡ ಇದ್ದವು, ನೀನು ಹರಿಯೋ ಮುಂದ ನೋಡಿಲ್ಲ. ಉದ್ದಂದು ಕತ್ತರಿಸಿ ಸಮಾ ಮಾಡಿಸಿ, ಎರಡೂ ಕೂಡಿಸಿ ಹೊಸದು ಉಡದಾರ ಮಾಡಿಸೀನಿ. ಪಂಚಮಿ ಉಂಡಿ ಜೋಡಿ, ನಿಮ್ಮ ಕಡೆ ದುಡಿಯೋ ನಮ್ಮೂರ ಹುಡುಗ ಯಮನೂರನ ಕೈಯಾಗ ಕಳಿಸೀನಿ. ಸೊಂಟಕ್ಕ ಕಟ್ಟು.

ಅಕ್ಷರ ಬಾಜೂಮನಿ ಬಸಮ್ಮನ ಸೊಸಿ ಶೈಲಾಂದು. ನನ್ನ ಚಾಳೀಸು ಒಡದೈತಿ, ಅಷ್ಟ.

ತಲಿ ಒತ್ತಾಕ ಸುರು ಮಾಡು. ಹೊತ್ತು ಹೋದ ಮ್ಯಾಲೆ ಯಾರ ಕೈಯಿಂದಾನೂ ಆಗೂದಿಲ್ಲ.

ಸಿದ್ದಕ್ಕ


ಜಿಗಣಿ
10 ಆಗಸ್ಟ್ 2025, ಭಾನುವಾರ

ಅಕ್ಕಾ,

ಉಡದಾರ ಬಂತು. ನೋಡಿ ನಕ್ಕೆ. ಆ ದಾರಗಳು ಉದ್ದ ಗಿಡ್ಡ ಇದ್ದದ್ದು ನನ್ನ ಕತ್ತರಿಯ ತಪ್ಪಲ್ಲ. ಅದೇ ಸುದ್ದಿ. ಬಾಯಿಬಿಟ್ಟು ಬರೆಯುವ ಧೈರ್ಯವಿಲ್ಲದೆ ದಾರ ಕಳಿಸಿದೆ. ನೀನು ಕತ್ತರಿಸಿ ಸಮ ಮಾಡಿದೆ. ತಲೆಯನ್ನು ಹಾಗೆ ಮಾಡಲಾಗುವುದಿಲ್ಲವಲ್ಲ.

ಜುಲೈ ಎಂಟಕ್ಕೆ ಸೂಜಿ ಹಾಕಿಸಲು ಹೋದಾಗ ಡಾಕ್ಟರ್ ಜ್ಯೋತಿಲಕ್ಷ್ಮಿ ಕೂಸನ್ನು ಎತ್ತಿಕೊಂಡು ನೆತ್ತಿಯ ಮೇಲಿನಿಂದ ನೋಡಿದರು. ನಾವು ಯಾವಾಗಲೂ ಮುಖ ನೋಡುತ್ತೇವೆ, ಮೇಲಿನಿಂದ ಯಾರು ನೋಡುತ್ತಾರೆ? ‘ಮಗು ಯಾವಾಗಲೂ ಒಂದೇ ಕಡೆ ನೋಡತ್ತಾ?’ ಅಂದರು. ಹೌದು ಮೇಡಂ, ಬೆಳಕಿನ ಕಡೆ, ಬಹಳ ಚುರುಕು ಅಂತ ಹೆಮ್ಮೆಯಿಂದ ಹೇಳಿದೆ. ಅವರು ನನ್ನ ಕೈ ಹಿಡಿದು ಕೂಸಿನ ಹಿಂದಲೆಯ ಬಲಗಡೆ ಇಟ್ಟರು. ಚಪ್ಪಟೆ. ಬಲಗಿವಿ ಎಡಗಿವಿಗಿಂತ ಮುಂದಕ್ಕೆ ಜರುಗಿತ್ತು. ಕತ್ತಿನ ಎಡಗಡೆಯ ಸ್ನಾಯು ಬಿಗಿಯಾಗಿದೆಯಂತೆ, ಅದಕ್ಕೇ ಬಲಕ್ಕೆ ತಿರುಗುವುದು ಸುಲಭ, ಎಡಕ್ಕೆ ಕಷ್ಟ. ಅದರ ಮೇಲೆ ಕಿಟಕಿ ಬೇರೆ ಬಲಕ್ಕೆ. ಅದರ ಮೇಲೆ ನನ್ನ ಸಿಂಬೆ. ಒಮ್ಮೆ ಬಲಕ್ಕೆ ತಿರುಗಿ ಕೂತ ತಲೆ ಅಲ್ಲೇ ಇರುವ ಹಾಗೆ ಭದ್ರ ಮಾಡಿದವನು ನಾನೇ. ಹುಟ್ಟುವಾಗಿನ ಸೌತೆಕಾಯಿ ತಾನೇ ಹೋಯಿತು, ಇದು ನಾನು ಮಾಡಿದ್ದು.

ಮೂವತ್ತೊಂದು ವರ್ಷ, ಅಕ್ಕ. ಕತ್ತಲಲ್ಲಿ ಕೊಟ್ಟರೂ ಅಂಗೈಯಲ್ಲಿ ಉರುಳಿಸಿ ಎಲ್ಲಿ ಚಪ್ಪಟೆ ಇದೆ ಅಂತ ಹೇಳುತ್ತಿದ್ದ ಕೈ ಇದು. ಅದೇ ಕೈ ದಿನಾ ಎಣ್ಣೆ ಸವರಿತು, ಗೊತ್ತಾಗಲಿಲ್ಲ.

ಮನೆಗೆ ಬಂದವನು ಟೇಪು ಹಿಡಿದು ಅಳೆಯಲು ಕೂತೆ. ಮಹಾನಂದಾ ಕೂಸನ್ನು ಕಸಿದುಕೊಂಡಳು. ‘ನಿನ್ನ ಅಳತಿ ನಿನ್ನ ಕೂಡ ಇರಲಿ ಅಪ್ಪಾ. ಇದು ಕೂಸು, ನಿನ್ನ ಷಾಪಿನ ಮಾಲು ಅಲ್ಲ. ಅವ್ವ ಇದ್ದಿದ್ರ ಒಂದ ದಿನದಾಗ ನೋಡತಿದ್ಲು.’ ಆಮೇಲೆ ಎರಡು ದಿನ ಕೂಸನ್ನು ನನ್ನ ಕೈಗೆ ಕೊಡಲಿಲ್ಲ. ನಾಲ್ಕನೇ ರೂಮಿಗೆ ವಾಪಸ್ ಹೋಗುತ್ತೇನೆ ಅಂತ ಚೀಲ ಕೂಡ ಕಟ್ಟಿದಳು. ಆರು ಹೆಜ್ಜೆ ಎಷ್ಟು ದೂರ ಅಂತ ನನಗೆ ಆಗ ತಿಳಿಯಿತು. ನಿನಗೆ ಬರೆದಿದ್ದರೆ ನೀನು ‘ನಾನು ಹೇಳಲಿಲ್ಲವೇ’ ಅನ್ನುತ್ತಿದ್ದೆ. ಅದಕ್ಕೇ ಐದು ಸಾಲು.

ತಡೆದವನು ಮುತ್ತಣ್ಣ. ಅತ್ತಿಬೆಲೆಯ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ ದಣಿದು ಬಂದವನು ಬಾಗಿಲಲ್ಲೇ ನಿಂತು, ‘ಮಾವ, ಸ್ಟೋರಿನಾಗ ಉದ್ದನ್ನ ಷಾಫ್ಟ್ ಬಾಗಬಾರದು ಅಂತ ಏನೋ ಮಾಡತಿದ್ವಿ ಅಂತಿದ್ರಲ್ಲ, ಏನದು?’ ಅಂದ. ಬೇಕಂತಲೇ ಕೇಳಿದನೋ, ಮಾತು ಬದಲಿಸಲು ಕೇಳಿದನೋ ಗೊತ್ತಿಲ್ಲ. ಉತ್ತರ ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು. ಷಾಫ್ಟನ್ನು ಅಡ್ಡ ಮಲಗಿಸಿಟ್ಟರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಅದನ್ನು ಯಾರೂ ಒತ್ತಿ ಸರಿಮಾಡುವುದಿಲ್ಲ. ಪ್ರತಿ ಶನಿವಾರ ಕಾಲು ಸುತ್ತು ತಿರುಗಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಗುರುತು ಹಾಕುತ್ತಿದ್ದವನು ನಾನೇ. ಉಕ್ಕಿಗೆ ಇಷ್ಟು ಮಾಡಿದವನು ಮೊಮ್ಮಗಳಿಗೆ ಮಾಡಿರಲಿಲ್ಲ.

ಡಾಕ್ಟರು ಹೇಳಿದ್ದೂ ಅದನ್ನೇ, ಅವರ ಭಾಷೆಯಲ್ಲಿ. ಒತ್ತಬೇಡಿ, ಒರಗಿಸಬೇಡಿ, ಭಾರ ಬೀಳುವ ಜಾಗ ಬದಲಿಸಿ. ಮಲಗುವಾಗ ಅಂಗಾತವೇ, ಅದು ಬದಲಾಗಬಾರದು. ದಿಂಬು, ಸಿಂಬೆ ಒಂದೂ ಬೇಡ, ಮೂಗಿಗೆ ಅಡ್ಡ ಬಂದರೆ ಉಸಿರಿಗೇ ಅಪಾಯ. ಸೀರೆ ಮಡಚಿ ಟ್ರಂಕಿನಲ್ಲಿಟ್ಟೆ. ಈಗ ಮಂಚ ಗೋಡೆ ಬಿಟ್ಟು ನಡುಮನೆಗೆ ಬಂದಿದೆ. ಒಂದು ದಿನ ತಲೆ ಈ ಕಡೆ, ಮರುದಿನ ಕಾಲಿದ್ದ ಕಡೆ ತಲೆ. ಆಗ ಕಿಟಕಿ ಎಡಕ್ಕೆ ಬರುತ್ತದೆ, ಬೆಳಕು ಬೇಕಿದ್ದರೆ ಎಡಕ್ಕೆ ತಿರುಗಲಿ. ಎದ್ದಿರುವಾಗ ನನ್ನ ಎದೆಯ ಮೇಲೆ ಬೋರಲು. ಮೊದಲು ಒಂದು ನಿಮಿಷಕ್ಕೇ ಮೂಗುಜ್ಜಿ ಬೈಯುತ್ತಿದ್ದಳು, ಈಗ ಐದು ನಿಮಿಷ ತಲೆ ಎತ್ತಿ ನನ್ನ ಗಡ್ಡ ನೋಡುತ್ತಾಳೆ. ಕತ್ತಿಗೆ ಆಸ್ಪತ್ರೆಯವರು ತೋರಿಸಿಕೊಟ್ಟ ವ್ಯಾಯಾಮ ಮಹಾನಂದಾ ಮಾಡಿಸುತ್ತಾಳೆ, ಆ ಕೆಲಸ ನನಗೆ ಕೊಟ್ಟಿಲ್ಲ. ಕೊಡಬೇಕಾದ್ದೂ ಅಲ್ಲ. ಭಾಗ್ಯಮ್ಮ ತಮ್ಮ ಹಸುವಿನ ಕೊರಳ ಗಂಟೆ ತಂದು, ‘ಎಡಕ್ ನಿಂತ್ಕಂಡ್ ಅಲ್ಲಾಡ್ಸಿ, ಅಸಾ ಮಾರುದ್ ಮೇಲೆ ಗಂಟೆ ನನಗ್ಯಾತಕ್ಕೆ’ ಅಂದರು. ತಲೆಯ ಕಡೆ ಬದಲಿಸಿದಾಗ, ಬೋರಲು ಹಾಕಿದಾಗ ಎಲ್ಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೇನೆ. ಮೊನ್ನೆ ನಾನು ಮರೆತಿದ್ದ ಒಂದು ಗುರುತು ಮಹಾನಂದಾನೇ ಹಾಕಿದ್ದಳು.

ಅಳತೆ ಈಗ ವಾರಕ್ಕೊಮ್ಮೆ, ಅವಳು ಒಪ್ಪಿದರೆ ಮಾತ್ರ, ದಾರದಲ್ಲಿ. ಬಲ ಹುಬ್ಬಿನ ಮೇಲಿನಿಂದ ಎಡ ಹಿಂದಲೆಗೆ ಒಂದು. ಎಡ ಹುಬ್ಬಿನ ಮೇಲಿನಿಂದ ಬಲ ಹಿಂದಲೆಗೆ ಇನ್ನೊಂದು. ದುಂಡಗಿದ್ದರೆ ಎರಡೂ ಸಮ ಇರಬೇಕು. ನಿನಗೆ ಕಳಿಸಿದವು ಹನ್ನೊಂದು ಮಿಲಿಮೀಟರ್ ವ್ಯತ್ಯಾಸದವು. ತಲೆ ಬೇಗ ದುಂಡಗಾಗುವುದು ಈ ಎಳೆ ತಿಂಗಳುಗಳಲ್ಲೇ, ಆರು ತಿಂಗಳು ದಾಟಿದರೆ ನಿಧಾನ ಅಂದಿದ್ದಾರೆ. ಸೆಪ್ಟೆಂಬರ್ ಮೂರನೇ ವಾರ ಮತ್ತೆ ನೋಡುತ್ತಾರೆ. ಆಗಲೂ ಹೀಗೇ ಇದ್ದರೆ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಹಾಗಾಗಲು ನಾನು ಬಿಡುವುದಿಲ್ಲ.

ಈಗ ನಿನ್ನ ಸರದಿ. ಉಂಡಿ ಕೊಡುವಾಗ ಯಮನೂರ ಹೇಳಿದ. ಚಾಳೀಸು ಒಡೆದಿಲ್ಲ, ಯುಗಾದಿಯ ಹೊತ್ತಿಗೇ ನಿನ್ನ ಬಲಗೈ ಬಿದ್ದಿದೆ, ತುತ್ತು ಎಡಗೈಯಲ್ಲಿ ಎತ್ತುತ್ತೀ ಅಂತ. ನನಗೇಕೆ ಹೇಳಲಿಲ್ಲ? ತಾಯಿ ಕೂಸನ್ನು ಕಳಿಸು ಅಂತ ಬರೆದೆಯಲ್ಲ, ಕಳಿಸಿದ್ದರೆ ಯಾವ ಕೈಯಲ್ಲಿ ಎರೆಯುತ್ತಿದ್ದೆ?

ಇನ್ನೊಂದು ಕೇಳುತ್ತೇನೆ, ಇನ್‌ಸ್ಪೆಕ್ಟರನಾಗಿ. ನಲವತ್ತು ವರ್ಷ ಒತ್ತಿದೆ. ತಲೆಗಳು ದುಂಡಗಾದದ್ದು ಒತ್ತಿದ್ದರಿಂದಲೇನು?

ಚನಬಸಪ್ಪ


ಚಿಕ್ಕಕೊಪ್ಪ
24 ಆಗಸ್ಟ್ 2025

ತಮ್ಮಾ,

ಕೈ ಬಿದ್ದದ್ದು ಖರೆ. ನೀರು ಎರಿಯಾಕ ಕರಿಯಾಕ ಬಂದವರಿಗೆ ಜ್ವರ ಅಂತ ಹೇಳಿ ಕಳಸೇನಿ, ಮೈಲಿಗಿ ಅಂತ ಹೇಳಿ ಕಳಸೇನಿ. ನಿನಗೂ ಹಂಗ ಹೇಳಿದೆ. ನೀನು ಕಳಸೂದಿಲ್ಲ ಅಂತ ಗೊತ್ತಿತ್ತು, ಅದಕ್ಕ ಕಳಿಸು ಅಂತ ಬರಸಿದೆ.

ನೀನು ಕೇಳಿದ್ದಕ್ಕ ಉತ್ತರ. ನೀಲವ್ವ ನಿನ್ನ ಕೈ ಹಿಡಿದು ಬಂದ ವರ್ಷ ನಾನು ಬಾವಿಕಟ್ಟಿ ಮ್ಯಾಲೆ ಜಾರಿ ಮುಂಗೈ ಮುರಕೊಂಡೆ. ಐದು ತಿಂಗಳು ಯಾರಿಗೂ ಎರೀಲಿಲ್ಲ. ಅಷ್ಟರಾಗ ಊರಾಗ ಹನ್ನೊಂದು ಕೂಸು ಹುಟ್ಟಿದವು. ಅವರವರ ತಾಯಂದಿರು ಅಂಜಿಕೊಂತ ಸುಮ್ಮನ ಎಣ್ಣಿ ಸವರಿ ನೀರು ಹಾಕಿದ್ರು, ಒಬ್ಬರೂ ಒತ್ತಲಿಲ್ಲ. ಮುಂದ ವರ್ಷ ಮನಿಮನಿಗೆ ಹೋಗಿ ಹನ್ನೊಂದೂ ತಲಿ ಮುಟ್ಟಿ ನೋಡಿದೆ. ಎಲ್ಲಾ ದುಂಡಗ ಇದ್ದವು. ನನ್ನ ಕೈಯಾಗ ಆದವಕ್ಕೂ ಅವಕ್ಕೂ ಫರಕು ಇರಲಿಲ್ಲ. ಮನಿಗೆ ಬಂದೆ. ಯಾರಿಗೂ ಹೇಳಲಿಲ್ಲ. ಮರುದಿನಾ ಕರದಲ್ಲಿಗೆ ಹೋಗಿ ಮತ್ತ ಒತ್ತಿದೆ.

ಯಾಕ ಅಂದ್ರ ಬರೇ ನೀರು ಹಾಕಾಕ ಸಿದ್ದಕ್ಕನ್ನ ಯಾರು ಕರೀತಾರ? ಗಂಡ ಇಲ್ಲ, ಮಕ್ಕಳಿಲ್ಲ. ತಲಿ ತಿದ್ದೋ ಸಿದ್ದಕ್ಕ ಅಂತ ಊರು ಕರೀತಿತ್ತು. ಅದೊಂದ ನನಗಿದ್ದದ್ದು.

ಮಹಾನಂದಾ ಹುಟ್ಟಿದಾಗ ಒಂದು ದಿನಾ ನೀಲವ್ವ ಬಚ್ಚಲಿಗೆ ಬಂದು, ಸಾಕು ಬಿಡ್ರಿ ಅಂತ ಕೂಸನ್ನ ನನ್ನ ಕಾಲ ಮ್ಯಾಲಿಂದ ಎತ್ತಿಕೊಂಡು ಹೋದಳು. ನಾನು ಅಕೀ ಜೋಡಿ ಒಂದು ವರ್ಷ ಮಾತಾಡಲಿಲ್ಲ. ಯಾಕ ಅಂತ ನೀನು ಕೇಳಿದಿ, ನಾವಿಬ್ಬರೂ ಹೇಳಲಿಲ್ಲ. ಅಂದ ಮ್ಯಾಲೆ ನಿನ್ನ ಮಗಳ ತಲಿ ನನ್ನ ಕೈಯಿಂದ ಆಗಿಲ್ಲ. ಅಕೀ ತಾಯಿ ಬಿಡಿಸಿಕೊಂಡದ್ದರಿಂದ ಆಗೈತಿ. ಹಂಗ ಅಕೀಗೆ ಹೇಳು.

ಒತ್ತಬ್ಯಾಡ. ನೀನು ಮಾಡಾಕತ್ತದ್ದು ಸರಿ ಐತಿ, ಬಿಡಬ್ಯಾಡ.

ಇದನ್ನ ಬರಿಯಾಕತ್ತ ಶೈಲಾ ನಡುವ ಪೆನ್ನು ನಿಲ್ಲಿಸಿ ನನ್ನ ಮಾರಿ ನೋಡಿದಳು. ಅಕಿ ಈಗ ಐದು ತಿಂಗಳ ಬಸರಿ. ಬರಿ ಬರಿ ಅಂದೆ, ನಿನಗೂ ಸೇರಿಸೇ ಹೇಳಾಕತ್ತೀನಿ ಅಂದೆ.

ಸಿದ್ದಕ್ಕ


ಜಿಗಣಿ
21 ಸೆಪ್ಟೆಂಬರ್ 2025, ಭಾನುವಾರ

ಅಕ್ಕಾ,

ನಿನ್ನ ಕಾಗದ ಮೂರು ಸಲ ಓದಿದೆ, ನಾಲ್ಕನೇ ಸಲ ಮಹಾನಂದಾಗೆ ಓದಿ ಹೇಳಿದೆ. ಅವಳು ಖಾರ ಅರೆಯುತ್ತಿದ್ದಳು. ನೀಲವ್ವನ ಮಾತು ಬಂದಾಗ ಕೈ ನಿಲ್ಲಿಸಿ ಫೋಟೋ ಕಡೆ ನೋಡಿದಳು. ಸಂಜೆ, ‘ಅಪ್ಪಾ, ಇವತ್ತು ಕತ್ತಿನ ವ್ಯಾಯಾಮ ನೀನು ಮಾಡಸು, ನಾನು ನೋಡತೀನಿ’ ಅಂದಳು. ಅವತ್ತಿನಿಂದ ದಿನಕ್ಕೊಂದು ಸಲ ನನ್ನ ಪಾಲಿಗೆ ಬಂದಿದೆ. ಪ್ರಮೋಷನ್ ಅಂದುಕೊಂಡಿದ್ದೇನೆ.

ನಿನ್ನ ಹನ್ನೊಂದು ತಲೆಗಳ ವಿಷಯ. ಷಾಪಿನಲ್ಲಾಗಿದ್ದರೆ ನಿನ್ನನ್ನು ನನ್ನ ಮೇಲಿನ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಮುಟ್ಟದೆ ಬಿಟ್ಟದ್ದನ್ನೂ ಹೋಗಿ ಮುಟ್ಟಿ ನೋಡುವವರು ನೂರಕ್ಕೊಬ್ಬರು. ಅಬ್ಸರ್ವೇಷನ್ ಅಂಡ್ ಇನ್‌ಫರೆನ್ಸ್ ಅಂತ ಒಂದು ಪಾಠವಿತ್ತು, ಅದರಲ್ಲಿ ನಾನು ಫೇಲ್, ನಾಲ್ಕನೇ ಇಯತ್ತೆಯ ನೀನು ಪಾಸ್. ಹೇಳಲು ನೀನು ಮೂವತ್ತು ವರ್ಷ ತಗೊಂಡೆ ಅನ್ನುವುದೊಂದೇ ತಪ್ಪು. ನಾನು ಒಂದು ತಿಂಗಳು ತಗೊಂಡವನು, ನಿನಗೇನು ಹೇಳಲಿ.

ಮೊನ್ನೆ ಗುರುವಾರ ಡಾಕ್ಟರ ಹತ್ತಿರ ಹೋಗಿದ್ದೆವು. ಮೂವರೂ ಹೋದೆವು, ಮುತ್ತಣ್ಣ ರಜೆ ಹಾಕಿದ್ದ. ಮತ್ತೆ ನೆತ್ತಿಯ ಮೇಲಿನಿಂದ ನೋಡಿದರು, ಕತ್ತು ಎರಡೂ ಕಡೆ ತಿರುಗಿಸಿದರು. ನಾನು ದಾರಗಳನ್ನು ಜೇಬಿನಿಂದ ತೆಗೆದೆ. ಒಂಬತ್ತು ವಾರದ ಒಂಬತ್ತು ಜೊತೆ, ಒಂದೊಂದಕ್ಕೂ ತಾರೀಖಿನ ಚೀಟಿ. ನಗುತ್ತಾರೆ ಅಂದುಕೊಂಡಿದ್ದೆ. ಮೇಜಿನ ಮೇಲೆ ಸಾಲಾಗಿ ಹಾಸಿ ನೋಡಿದರು. ಹನ್ನೊಂದಿದ್ದದ್ದು ನಾಲ್ಕಕ್ಕೆ ಇಳಿದಿದೆ. ಆಮೇಲೆ ತಮ್ಮ ಟೇಪಿನಲ್ಲಿ ತಾವೂ ಅಳೆದರು. ‘ದೊಡ್ಡಾಸ್ಪತ್ರೆ ಸದ್ಯಕ್ಕೆ ಬೇಡ. ಇದೇ ಬಿಡದೆ ಮಾಡಿ. ಕೂರೋಕೆ ಕಲಿತರೆ ಹಿಂದಲೆ ಮೇಲೆ ಭಾರಾನೇ ಬೀಳಲ್ಲ, ಉಳಿದದ್ದು ಆಗ ನೋಡ್ಕೊಳ್ಳತ್ತೆ’ ಅಂದರು. ಪೂರ್ತಿ ಸಮ ಆಗುತ್ತದಾ ಮೇಡಂ ಅಂತ ಕೇಳಿದೆ. ‘ನಿಮ್ಮ ತಲೆ ಪೂರ್ತಿ ಸಮ ಇದೆಯಾ ಸಾರ್?’ ಅಂದರು. ಹೊರಗೆ ಬಂದು ಮುತ್ತಣ್ಣ ನನ್ನ ತಲೆಯನ್ನೇ ಹಿಂದಿನಿಂದ ನೋಡುತ್ತಾ ನಡೆದ. ಏನೋ ಅಂದೆ. ‘ಏನಿಲ್ಲ ಮಾವ, ಎಡಗಡೆ ಸ್ವಲ್ಪ ಕೆಂಪು ಬಣ್ಣ ಬಳೀಬೇಕು’ ಅಂದ.

ಆದರೂ ನಾಲ್ಕು ನಾಲ್ಕೇ. ಬಿಡುವವನಲ್ಲ ನಾನು. ಗೋಡೆಯ ಮೇಲೆ ಜಾಗ ಮುಗಿದು ಸೀಮೆಸುಣ್ಣದ ಗುರುತು ಬಾಗಿಲಿನ ತನಕ ಬಂದಿದೆ. ಭಾಗ್ಯಮ್ಮ ನೋಡಿ, ಕೂಸಿನ ತಲೆ ದುಂಡಗಾಗುವಷ್ಟರಲ್ಲಿ ತಮ್ಮ ಗೋಡೆ ಚಿರತೆ ಆಗುತ್ತದೆ ಅಂತ ಗೊಣಗಿದರು. ಒರೆಸಲು ಮಾತ್ರ ಹೇಳಲಿಲ್ಲ.

ನೀನು ಖಂಡಿತ ಬಾ. ಯಮನೂರ ದಸರೆಗೆ ಊರಿಗೆ ಬರುತ್ತಾನೆ, ತಿರುಗಿ ಬರುವಾಗ ಅವನ ಜೊತೆ ಬಸ್ಸು ಹತ್ತು. ಎರೆಯಲು ಕರೆಯುತ್ತಿಲ್ಲ, ಎರೆಯಲು ನಾವಿದ್ದೇವೆ. ಕೂಸಿನ ಎಡಕ್ಕೆ ಕೂತು ಎಡಗೈಯಲ್ಲಿ ಗಂಟೆ ಅಲ್ಲಾಡಿಸುವವರು ಬೇಕು. ನಾನು ಮುಂದಿನ ತಿಂಗಳು ಕಣ್ಣಿನ ಪೊರೆ ತೆಗೆಸಬೇಕು, ಮಹಾನಂದಾ ನವೆಂಬರ್‌ನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ವಾಪಸ್. ಆ ಕೆಲಸಕ್ಕೆ ಒಂದೇ ಕೈ ಸಾಕು, ಕಿವಿ ಬೇಕಿಲ್ಲ. ಆಸ್ಪತ್ರೆಯಲ್ಲಿ ನಿನ್ನ ಬಲಗೈಯನ್ನೂ ತೋರಿಸೋಣ. ಕೂಸಿನ ಕತ್ತಿಗೆ ವ್ಯಾಯಾಮ ಹೇಳಿಕೊಟ್ಟವರು ನಿನ್ನ ಕೈಗೂ ಹೇಳಿಕೊಡುತ್ತಾರೆ. ಬಂದ ಮೇಲೆ ದಿನಾ ಗುರುತು ಹಾಕುವುದು ನನ್ನ ಜವಾಬ್ದಾರಿ, ಗೋಡೆ ನಾಲ್ಕಿವೆ.

ಈ ಸಲವೂ ಎರಡು ದಾರ ಇಟ್ಟಿದ್ದೇನೆ. ಕತ್ತರಿಸಬೇಡ. ಶೈಲಾಗೂ ತೋರಿಸು.

ಇವತ್ತು ಬೇಕಂತಲೇ ಕೂಸಿನ ತಲೆ ಮೊದಲಿದ್ದ ಕಡೆಗೇ ಇಟ್ಟು ಮಲಗಿಸಿದ್ದೇನೆ. ಕಿಟಕಿ ಬಲಕ್ಕೆ, ನಾನು ಎಡಕ್ಕೆ ಸ್ಟೂಲಿನ ಮೇಲೆ. ಫೈನಲ್ ಇನ್‌ಸ್ಪೆಕ್ಷನ್ ಅಲ್ಲ, ಸುಮ್ಮನೆ ನೋಡೋಣ ಅಂತ. ಗಂಟೆ ಮುಟ್ಟಿಲ್ಲ, ಕರೆದಿಲ್ಲ. ಈ ಕಾಗದ ಶುರುಮಾಡಿದಾಗಿನಿಂದ ಕಿಟಕಿಯನ್ನೇ ನೋಡುತ್ತಿದ್ದಳು, ನಾನೂ ಬರವಣಿಗೆಯಲ್ಲಿ ಮುಳುಗಿದ್ದೆ. ಷೆಡ್ಡಿನ ಸದ್ದು ನಿಂತದ್ದೂ ಗೊತ್ತಾಗಲಿಲ್ಲ. ಈಗ ತಲೆ ಎತ್ತಿದರೆ ನನ್ನನ್ನು ನೋಡುತ್ತಿದ್ದಾಳೆ. ಗಲ್ಲ ಎಡ ಭುಜಕ್ಕೆ ತಾಗುವಷ್ಟು ತಿರುಗಿ, ಪೆನ್ನು ಹೋದ ಕಡೆಗೆಲ್ಲ ಕಣ್ಣು. ತಾನೇ ತಿರುಗಿದ್ದಾಳೆ. ಒಂದು ಸಲ ತಿರುಗಿದ್ದನ್ನು ಷಾಪಿನಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಗೊತ್ತು. ಆದರೂ ಎದ್ದು ಒಂದು ಗುರುತು ಹಾಕಿ ಬಂದೆ.

ಕಿಟಕಿ ಬಿಟ್ಟು ಯಾಕೆ ತಿರುಗಿದಳು ಅಂತ ಆ ಕಡೆ ನೋಡಿದೆ. ಬೆಳಕು ಹೋಗುತ್ತಾ ಇದೆ, ಅಕ್ಕ. ನನಗೆ ಅಕ್ಷರ ಮತ್ತೆ ಒಂದಕ್ಕೆರಡು…